ಭಾರತಮ್ಮ, ಮುಳಬಾಗಿಲು

ಮುಳಬಾಗಿಲು
12 ನವೆಂಬರ್ 2006

ಚಿ. ಹರಿಪ್ರಿಯಾಳಿಗೆ ಅಪ್ಪನ ಆಶೀರ್ವಾದ.

ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಆಯ್ತು, ಮಳೆ ಬಂತಾ, ಇಲ್ಲ ಎನ್ನುವಷ್ಟರಲ್ಲಿ ಮಾತು ಮುಗಿದುಹೋಗುತ್ತದೆ. ನಿಮ್ಮಮ್ಮ ಇದ್ದಾಗ ಫೋನು ಅವಳ ಕೈಯಲ್ಲೇ ಇರುತ್ತಿತ್ತು. ನಾನು ಪಕ್ಕದಲ್ಲಿ ನಿಂತು, ‘ಚಳಿಗೆ ಸ್ವೆಟರ್ ಹಾಕ್ಕೋ ಅಂತ ಹೇಳು’ ಎಂದು ಸೇರಿಸುತ್ತಿದ್ದೆ, ಅಷ್ಟೆ. ಅವಳು ಹೋಗಿ ಎರಡು ವರ್ಷವಾದರೂ ನನಗೆ ಫೋನು ಹಿಡಿಯುವುದು ಬಂದಿಲ್ಲ. ಮಾಲೂರು ಇಲ್ಲೇ ಇದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನಿನ್ನ ರೂಮಿನಲ್ಲಿರಬಹುದು. ಆದರೂ ಕಾಗದ ಬರೆಯುತ್ತಿದ್ದೇನೆ. ನಗಬೇಡ.

ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನು ಮತ್ತು ನಿನ್ನ ಶ್ಯಾಮಲತ್ತೆ. ಅಣ್ಣನನ್ನು ನೋಡಿಕೊಳ್ಳುತ್ತೇನೆ ಎಂದು ಬಂದವಳು ಈಗ ಟಿವಿ ಧಾರಾವಾಹಿಗಳನ್ನು ಬಹಳ ಮುತುವರ್ಜಿಯಿಂದ ನೋಡಿಕೊಳ್ಳುತ್ತಿದ್ದಾಳೆ. ನನಗೆ ನಂಗಲಿಯ ಲಾರಿ ಆಫೀಸಿನ ಲೆಕ್ಕ ಬರೆಯುವ ಕೆಲಸ ಮುಂದುವರಿದಿದೆ. ಅಲ್ಲಿಗೆ ಕಂಪ್ಯೂಟರ್ ತಂದ ಮೇಲೆ ನಾನೂ ಕೀಲಿ ಒತ್ತುವುದು ಕಲಿತೆ ಎಂದು ನಿನಗೆ ಹೇಳಿದ್ದೆ. ಈಗ ಸಂಜೆ ವಾಪಸ್ ಬಂದವನು ಬಸ್ ಸ್ಟ್ಯಾಂಡಿನ ಹತ್ತಿರದ ಉಮಾಶಂಕರನ ಸೈಬರಿನಲ್ಲಿ ಸ್ವಲ್ಪ ಹೊತ್ತು ಕೂತು ನಿನ್ನ ‘ಪಾಲಾರ್ ದಂಡೆ’ ಓದುತ್ತೇನೆ. ನಮ್ಮ ಸೀಮೆಯವರು ಕನ್ನಡದಲ್ಲಿ ಹರಟಲಿ ಎಂದು ನೀನು ಇಂಟರ್ನೆಟ್ಟಿನಲ್ಲಿ ಕಟ್ಟಿದ ಸೈಟು ಈಗ ಸಂತೆಯಾಗಿದೆ. ಶ್ರೀನಿವಾಸಪುರದವನು ಮಾವಿನ ಹೂವಿನ ರೋಗ ಕೇಳುತ್ತಾನೆ, ಕೋಲಾರದವಳು ಕಥೆ ಬರೆಯುತ್ತಾಳೆ. ‘ವಕ್ಕಲೇರಿ ಡೈರಿ ಅಕ್ಕ’ ಅಂತ ಒಬ್ಬಳು ತನ್ನ ಹಸುವಿನ ಹೆಸರಿನಲ್ಲಿ ಗಂಡನ ಕಷ್ಟ ಹೇಳಿಕೊಳ್ಳುತ್ತಾಳೆ. ‘ನಿನ್ನೆ ಮತ್ತೆ ಹಸುವಿಗೆ ಏಟು ಬಿತ್ತು’ ಎಂದು ಅವಳು ಬರೆದರೆ ಓದುವವರಿಗೆಲ್ಲ ಅರ್ಥವಾಗುತ್ತದೆ.

ಮೊನ್ನೆ ನಿನ್ನ ಪ್ರಕಟಣೆ ನೋಡಿದೆ. ಸಂಕ್ರಾಂತಿಯೊಳಗೆ ಎಲ್ಲರೂ ತಮ್ಮ ನಿಜವಾದ ಹೆಸರು ಹಾಕಬೇಕು, ಗುರುತಿನ ಚೀಟಿಯ ಜೆರಾಕ್ಸ್ ಅಂಚೆಯಲ್ಲಿ ಕಳಿಸಬೇಕು, ಇಲ್ಲದಿದ್ದರೆ ಹೊರಗೆ. ಇದು ಯಾಕೆ ಇಷ್ಟು ಬಿಗಿ? ನಿನ್ನ ಬಗ್ಗೆ ಬಂದ ಆ ಹೊಲಸು ಬರಹವನ್ನು ನಾನೂ ಓದಿದೆ. ಅದಕ್ಕೇನಾ?

ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ಖಾರ ಜಾಸ್ತಿಯಾಗಿದೆ, ಅದು ಶ್ಯಾಮಲೆಯ ಕೈ.

ಇಂತಿ,
ಅಪ್ಪ

*

ಮಾಲೂರು
20 ನವೆಂಬರ್ 2006

ಅಪ್ಪನಿಗೆ ನಮಸ್ಕಾರ.

ಚಟ್ನಿಪುಡಿ ತಿಂದು ಕಣ್ಣಲ್ಲಿ ನೀರು ಬಂತು ಎಂದು ಅತ್ತೆಗೆ ಹೇಳಿ, ಖುಷಿಪಡುತ್ತಾರೆ.

ಹೌದು, ಅದಕ್ಕೇ. ‘ಸತ್ಯವಾದಿ’ ಎಂದು ಹೆಸರಿಟ್ಟುಕೊಂಡವನು ಬರೆದದ್ದನ್ನು ನೀವು ಓದಿದಿರಿ ಎಂದು ತಿಳಿದು ನಾಚಿಕೆಯಾಯಿತು. ‘ಈ ಸೈಟು ನಡೆಸುವ ಮೇಡಂ ನಿಶ್ಚಿತಾರ್ಥ ಆದ ಹುಡುಗನನ್ನು ಬಿಟ್ಟಿದ್ದು ಯಾಕೆ ಅಂತ ಎಲ್ಲರಿಗೂ ಗೊತ್ತು’ ಎಂದು ಶುರುಮಾಡಿ ಏನೇನೋ. ಏನಾಯಿತು ಎಂದು ನಿಮಗೆ ಗೊತ್ತು. ಅವರ ದೊಡ್ಡ ಸೊಸೆಯ ಹೆಸರೂ ಹರಿಪ್ರಿಯಾ. ಒಂದೇ ಮನೆಯಲ್ಲಿ ಇಬ್ಬರು ಬೇಡ, ಜೋಯಿಸರು ಬೇರೆ ಹೆಸರು ತೆಗೆದುಕೊಟ್ಟಿದ್ದಾರೆ, ನೀನು ಬದಲಾಯಿಸಿಕೊಳ್ಳಬೇಕು ಎಂದರು. ಅಮ್ಮ ಇಟ್ಟ ಹೆಸರು ಬಿಡಲ್ಲ ಎಂದೆ. ಹುಡುಗ ತಲೆ ಬಗ್ಗಿಸಿಕೊಂಡು ಕೂತಿದ್ದ. ನಾನು ಎದ್ದು ಬಂದೆ. ಅಷ್ಟೇ ತಾನೆ ನಡೆದದ್ದು?

ಹೆಸರಿಲ್ಲದವನಿಗೆ ನಾನು ಏನೆಂದು ಉತ್ತರ ಕೊಡಲಿ ಅಪ್ಪ? ನನ್ನ ಹೆಸರು, ಶಾಲೆ, ಊರು ಎಲ್ಲ ಅವನಿಗೆ ಗೊತ್ತು. ಅವನು ನನ್ನ ಶಾಲೆಯ ಸ್ಟಾಫ್ ರೂಮಿನಲ್ಲೇ ಇರಬಹುದು. ಎದುರಿಗೆ ಬಂದು ನಮಸ್ತೆ ಮೇಡಂ ಅನ್ನುವ ಪ್ರತಿಯೊಬ್ಬರನ್ನೂ ಇವನೇನಾ ಅಂತ ನೋಡುವ ಹಾಗಾಗಿದೆ. ಅದಕ್ಕೇ ಈ ನಿಯಮ. ಮಾತಾಡುವವರು ಹೆಸರು ಹೇಳಿ ಮಾತಾಡಲಿ.

ಅವನು ಅದನ್ನು ಬರೆದ ದಿನ ನನ್ನ ಪರವಾಗಿ ಬಾಯಿ ಬಿಟ್ಟವರು ಒಬ್ಬರೇ. ಅವರ ಹೆಸರು ಕೇಳಿದರೆ ನಿಮಗೆ ಏನನ್ನಿಸುತ್ತದೋ ಗೊತ್ತಿಲ್ಲ. ‘ಭಾರತಮ್ಮ, ಮುಳಬಾಗಿಲು’. ಅಮ್ಮನ ಹೆಸರೇ. ಆಗಸ್ಟಿನಲ್ಲಿ ಸೇರಿದವರು, ಅಡುಗೆ, ಹಳೇ ಕಾಲದ ಸುದ್ದಿ ಬರೆಯುತ್ತಾರೆ, ಮಧ್ಯೆ ಮಧ್ಯೆ ಒಂದು ತೆಲುಗು ಮಾತು. ಅವರು ಸತ್ಯವಾದಿಗೆ ಬರೆದರು: ‘ತಾಂಬೂಲದ ತಟ್ಟೆ ಬದಲಾಯಿಸಿಕೊಂಡದ್ದು ವಾಪಸ್ ಬದಲಾಯಿಸಿಕೊಳ್ಳಬಹುದಪ್ಪ. ಹುಡುಗಿಯನ್ನೇ ಬದಲಾಯಿಸಿ ಕಳಿಸಿ ಅಂದರೆ ಯಾವ ತಾಯಿ ಒಪ್ಪುತ್ತಾಳೆ?’ ಓದಿ ಅತ್ತುಬಿಟ್ಟೆ.

ಆಮೇಲೆ ಅವರಿಗೆ ಬೇರೆಯವರಿಗೆ ಕಾಣದ ಹಾಗೆ ಖಾಸಗಿಯಾಗಿ ಎರಡು ಮೂರು ಸಲ ಬರೆದೆ. ಯಾರಿಗೂ ಹೇಳದ್ದನ್ನೂ ಬರೆದೆ. ನಿಮಗೆ ಅಲ್ಲಿ ಯಾರಾದರೂ ಭಾರತಮ್ಮ ಗೊತ್ತಾ? ಒಮ್ಮೆ ನೋಡಬೇಕು.

ನಿಮ್ಮ ಮಗಳು,
ಹರಿಪ್ರಿಯಾ

*

ಮುಳಬಾಗಿಲು
3 ಡಿಸೆಂಬರ್ 2006

ಚಿ. ಹರಿಪ್ರಿಯಾ,

ಮುಳಬಾಗಿಲಿನಲ್ಲಿ ಭಾರತಮ್ಮಂದಿರಿಗೆ ಬರವೇನಮ್ಮಾ? ನಮ್ಮ ಬೀದಿಯಲ್ಲೇ ಹುಡುಕಿದರೆ ಸಿಕ್ಕಾರು. ಯಾರೋ ಒಳ್ಳೆ ಹೆಂಗಸು, ಇರಲಿ ಬಿಡು.

ನಿನ್ನ ಸಂಕಟ ಅರ್ಥವಾಗುತ್ತದೆ. ಆದರೆ ಆ ವಕ್ಕಲೇರಿಯವಳ ಬಗ್ಗೆ ಯೋಚನೆ ಮಾಡು. ಅವಳು ಹೆಸರು ಮುಚ್ಚಿಟ್ಟಿರುವುದು ನಮ್ಮಿಂದಲ್ಲ, ತನ್ನ ಮನೆಯಲ್ಲೇ ಇರುವವನಿಂದ. ಬಚ್ಚಲ ಬಾಗಿಲು ಹಾಕಿಕೊಂಡು ಅಳುವವಳನ್ನು ಬೀದಿಗೆ ಬಂದು ಅಳು, ಇಲ್ಲದಿದ್ದರೆ ನಿನ್ನ ಅಳು ಸುಳ್ಳು ಎಂದ ಹಾಗಾಗುತ್ತದೆ. ಎಲ್ಲರೂ ಕೆಟ್ಟ ಕೆಲಸಕ್ಕೇ ಹೆಸರು ಮುಚ್ಚಿಡುವುದಿಲ್ಲ. ಕೆಲವರಿಗೆ ಹೆಸರು ಮುಚ್ಚಿದರೆ ಮಾತ್ರ ಬಾಯಿ ತೆರೆಯುತ್ತದೆ.

ಉಮಾಶಂಕರನ ಸೈಬರಿನಲ್ಲೂ ಈಗ ಹೆಸರು, ವಿಳಾಸ ಬರೆದು ಸಹಿ ಹಾಕಿ ಒಳಗೆ ಹೋಗಬೇಕು. ನನ್ನ ಮುಂದಿದ್ದವನು ತನ್ನ ಹೆಸರಿನ ಜಾಗದಲ್ಲಿ ಒಬ್ಬ ಸಿನಿಮಾ ನಟನ ಹೆಸರು ಬರೆದ. ಉಮಾಶಂಕರ್ ತಲೆಯೆತ್ತಿ, ‘ಏನ್ ಸಾರ್, ಶೂಟಿಂಗ್ ಇಲ್ವಾ ಇವತ್ತು?’ ಎಂದು ಕೇಳಿ ಒಳಗೆ ಬಿಟ್ಟ.

ಚಳಿ ಶುರುವಾಗಿದೆ. ಸ್ವೆಟರ್ ಹಾಕಿಕೋ. ಯಾರ ಮೂಲಕವೂ ಹೇಳಿಸದೆ ನಾನೇ ಬರೆದಿದ್ದೇನೆ, ನೋಡು.

ಇಂತಿ,
ಅಪ್ಪ

*

ಮಾಲೂರು
17 ಜನವರಿ 2007

ಅಪ್ಪನಿಗೆ ನಮಸ್ಕಾರ.

ಹಬ್ಬಕ್ಕೆ ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಶಾಲೆಯ ಕೆಲಸ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಬರಲು ಮನಸ್ಸಾಗಲಿಲ್ಲ. ಯಾಕೆ ಎಂದು ಈಗ ಹೇಳುತ್ತೇನೆ.

ನಿಯಮ ಜಾರಿಗೆ ಬಂತು. ಸತ್ಯವಾದಿ ಹೆಸರು ಕೊಡದೆ ಹೋದ. ಡೈರಿ ಅಕ್ಕನೂ ಹೋದರು. ‘ಹಸು ಮಾರಿಬಿಟ್ಟೆ, ಇನ್ನು ಬರಲ್ಲ’ ಎಂದು ಬರೆದು ಹೋದರು. ಎರಡು ದಿನ ಅದನ್ನೇ ಮತ್ತೆ ಮತ್ತೆ ತೆಗೆದು ಓದಿದೆ. ಇನ್ನು ಸತ್ಯವಾದಿ ಹೇಳಿದ್ದನ್ನೇ ಕೋಲಾರದ ಒಬ್ಬರು ತಮ್ಮ ನಿಜವಾದ ಹೆಸರು, ಫೋಟೋ ಹಾಕಿಕೊಂಡು, ‘ಹಿರಿಯನಾಗಿ ಒಂದು ಮಾತು’ ಎಂದು ಮರ್ಯಾದೆಯಾಗಿ ಬರೆದಿದ್ದಾರೆ. ನೀವು ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿತ್ತು ಎಂದು ಒಪ್ಪುತ್ತೇನೆ.

ಆದರೆ ಭಾರತಮ್ಮನ ವಿಷಯ ಬೇರೆ. ಅವರು ಜೆರಾಕ್ಸ್ ಕಳಿಸಲಿಲ್ಲ. ಹಿರಿಯರು, ಅಂಚೆ ಕಚೇರಿಗೆ ಹೋಗಲು ಕಷ್ಟವೇನೋ ಎಂದು ಸುಮ್ಮನಿದ್ದೆ. ಹಬ್ಬದ ಹಿಂದಿನ ದಿನ ಅವರು ಹಿತಕಿದ ಅವರೆಬೇಳೆ ಸಾರಿನ ಬಗ್ಗೆ ಬರೆದರು. ಮಗಳು ಚಿಕ್ಕವಳಿದ್ದಾಗ ಪಕ್ಕದಲ್ಲಿ ಕೂತು ಅವರೆಕಾಳು ಹಿತಕುತ್ತಾ ಒಂದು ಬೇಳೆಯನ್ನು ಮೂಗಿನೊಳಗೆ ಹಾಕಿಕೊಂಡದ್ದು, ಪಕ್ಕದ ಮನೆ ತಾತನ ನಶ್ಯ ತಂದು ಮೂಗಿಗೆ ಹಿಡಿದು ಸೀನಿಸಿದ್ದು, ಬೇಳೆ ಹಾರಿ ಗೋಡೆಯ ಕ್ಯಾಲೆಂಡರಿಗೆ ಅಂಟಿಕೊಂಡದ್ದು.

ಅಪ್ಪ, ಆ ಮೂಗು ನನ್ನದು.

ನಮ್ಮ ಮನೆಯವರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಈಗ ಇರುವವರು ಇಬ್ಬರು. ನೀವಾಗಿರಲು ಸಾಧ್ಯವೇ ಇಲ್ಲ. ನೀವು ಅಮ್ಮನ ಹೆಸರು ಹಿಡಿದು ಕರೆದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ರೇಷನ್ ಕಾರ್ಡಿನವರು ಮನೆಗೆ ಬಂದು ಹೆಂಡತಿ ಹೆಸರೇನು ಎಂದಾಗ ನನ್ನ ಕಡೆ ಕೈ ತೋರಿಸಿ, ‘ನಮ್ಮ ಪಾಪ ಹೇಳುತ್ತೆ’ ಎಂದವರು ನೀವು. ಆದ್ದರಿಂದ ಇದು ಶ್ಯಾಮಲತ್ತೆಯ ಕೆಲಸ. ಯಾರ ಕೈಯಲ್ಲಿ ಟೈಪ್ ಮಾಡಿಸಿದರೋ ಗೊತ್ತಿಲ್ಲ.

ಹೊತ್ತು ಹೋಗಲಿ ಎಂದು ತೀರಿಹೋದವಳ ಹೆಸರಿನಲ್ಲಿ ಆಟ ಆಡುವುದೇ? ನಾನು ಅವರಿಗೆ ಖಾಸಗಿಯಾಗಿ ಏನು ಬರೆದಿದ್ದೆ ಗೊತ್ತಾ? ನಿಶ್ಚಿತಾರ್ಥ ಮುರಿದು ವಾಪಸ್ ಬರುವಾಗ ಅಪ್ಪ ನರಸಾಪುರದಲ್ಲಿ ಬಸ್ಸಿಳಿಸಿ ಇಡ್ಲಿ ವಡೆ ಕೊಡಿಸಿದರು, ಇನ್ನೊಂದು ವಡೆ ಬೇಕಾ ಎಂದು ಕೇಳಿದರು, ಅದನ್ನು ಬಿಟ್ಟು ಇವತ್ತಿನವರೆಗೆ ಆ ವಿಷಯ ಒಂದು ಮಾತಾಡಿಲ್ಲ, ಅವರಿಗೆ ನನ್ನಿಂದ ತಲೆ ತಗ್ಗಿಸುವಂತಾಯಿತಾ, ನನಗೆ ತಿಳಿಯುತ್ತಿಲ್ಲ ಎಂದು ಬರೆದಿದ್ದೆ. ಅದನ್ನು ಓದಿ ಅತ್ತೆ ನಿಮ್ಮ ಎದುರಿಗೇ ಕೂತು ಟಿವಿ ನೋಡುತ್ತಿದ್ದರಲ್ಲ.

ಅವರಿಗೆ ಹೇಳಿಬಿಡಿ. ತಿಂಗಳ ಕೊನೆಗೆ ಆ ಹೆಸರನ್ನು ಅಳಿಸಿಹಾಕುತ್ತೇನೆ. ಅವರು ಇರುವಷ್ಟು ದಿನ ಆ ಮನೆಗೆ ಬರುವುದಿಲ್ಲ.

ಹರಿಪ್ರಿಯಾ

*

ಮುಳಬಾಗಿಲು
24 ಜನವರಿ 2007

ಮಗು,

ಶ್ಯಾಮಲೆಗೆ ಟಿವಿಯ ರಿಮೋಟೇ ಬಗ್ಗುವುದಿಲ್ಲ. ಅವಳಿಗೆ ಕಂಪ್ಯೂಟರ್ ಎಂದರೆ ಟಿವಿಯ ಕೆಟ್ಟುಹೋದ ತಮ್ಮ. ಪಾಪ, ಅವಳನ್ನು ಬಿಟ್ಟುಬಿಡು. ನಿನ್ನ ಕಾಗದ ಓದುವಾಗ ಅವಳು ಎದುರಿಗೆ ಕೂತು, ‘ಏನ್ ಬರ್ದವ್ಳೆ ಕೂಸು, ನನ್ನ ಕೇಳವ್ಳಾ?’ ಎಂದಳು. ಕೇಳಿದ್ದಾಳೆ ಎಂದೆ. ಇದಕ್ಕಿಂತ ಹೆಚ್ಚು ಸುಳ್ಳನ್ನು ನಾನು ತಾಳಲಾರೆ.

ಭಾರತಮ್ಮ ನಾನೇ.

ಆಟ ಆಡಲಿಲ್ಲ ಕಣಮ್ಮಾ. ಆಗಸ್ಟಿನಲ್ಲಿ ಮೊದಲ ದಿನ ನಿನ್ನ ಸೈಟಿಗೆ ಸೇರಲು ಹೋದೆ. ‘ನಿಮ್ಮ ಹೆಸರು’ ಎಂದು ಬರೆದು ಪಕ್ಕದಲ್ಲಿ ಖಾಲಿ ಜಾಗ ಬಿಟ್ಟಿದ್ದೆ ನೀನು. ಕೋದಂಡರಾಮಪ್ಪ ಎಂದು ಹೊಡೆಯಬೇಕೆಂದೇ ಕೂತೆ. ಸೈಬರಿನಲ್ಲಿ ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಬಾಯಲ್ಲಿ ಯಾವತ್ತೂ ಬಾರದ ಹೆಸರು ಬೆರಳಿನಲ್ಲಿ ಬಂದುಬಿಟ್ಟಿತು. ಪರದೆಯ ಮೇಲೆ ಅದನ್ನು ನೋಡುತ್ತಾ ಕೂತೆ. ಅಳಿಸಲು ಮನಸ್ಸು ಬರಲಿಲ್ಲ.

ನಮ್ಮ ಮದುವೆಯಾದಾಗ ಮನೆ ತುಂಬ ಜನ. ದೊಡ್ಡವರ ಮುಂದೆ ಹೆಂಡತಿಯ ಹೆಸರು ಹಿಡಿದು ಕರೆಯುವುದು ನಾಚಿಕೆಗೇಡು. ಅವಳು ಗೌನಿಪಲ್ಲಿಯ ಕಡೆಯವಳು, ಬಾಯಿ ತುಂಬ ತೆಲುಗು. ನಾನು ‘ಇದಿಗೋ’ ಎನ್ನುತ್ತಿದ್ದೆ, ಅವಳು ‘ಏಮಂಡಿ’ ಎಂದು ಬರುತ್ತಿದ್ದಳು. ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಹೋದರು, ನಾಚಿಕೆ ಮಾತ್ರ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಂಜೆಯೂ ‘ಇದಿಗೋ’ ಎಂದೇ ಕರೆದೆ. ಕಣ್ಣು ಬಿಟ್ಟಳು. ಹೆಸರು ಹಿಡಿದು ಕರೆದಿದ್ದರೆ ಇನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದಳೋ ಏನೋ ಎಂದು ಅನ್ನಿಸುತ್ತದೆ.

ಅವಳ ಹೆಸರಿನಲ್ಲಿ ಕೂತಾಗ ಅವಳ ಮಾತೇ ಬರುತ್ತಿತ್ತು. ಸಾರಿನ ಅಳತೆ ಬರೆಯಲು ಶ್ಯಾಮಲೆಯನ್ನು ನೂರು ಪ್ರಶ್ನೆ ಕೇಳಿದೆ, ಅಣ್ಣನಿಗೆ ಈ ವಯಸ್ಸಲ್ಲಿ ಅಡುಗೆ ಹುಚ್ಚು ಹಿಡಿಯಿತು ಎಂದು ಅವಳು ಬೀದಿಗೆಲ್ಲ ಹೇಳಿದಳು. ಆ ಸತ್ಯವಾದಿಯ ಬರಹ ಓದಿದ ದಿನ ಕುರ್ಚಿ ಬಿಟ್ಟು ಏಳದೆ ಅಲ್ಲೇ ಉತ್ತರ ಹೊಡೆದೆ. ನನ್ನ ಹೆಸರಿನಲ್ಲಿ ಬರೆದಿದ್ದರೆ ಎರಡು ಸಾಲು ಬುದ್ಧಿಮಾತು ಬರೆದು ಎದ್ದುಬರುತ್ತಿದ್ದೆ. ಅವಳಾದರೆ ಸುಮ್ಮನಿರುತ್ತಿರಲಿಲ್ಲ.

ಆಮೇಲೆ ನೀನು ಖಾಸಗಿಯಾಗಿ ಬರೆದೆ. ಆಗಲೇ ಇದು ನಾನು ಎಂದು ಹೇಳಬೇಕಿತ್ತು. ಹೇಳಿದರೆ ನೀನು ಬರೆಯುವುದನ್ನು ನಿಲ್ಲಿಸುತ್ತಿದ್ದೆ. ನಿನ್ನ ಮಾತು ಕೇಳುವ ಆಸೆಗೆ ಸುಮ್ಮನಾದೆ. ‘ನಿಮ್ಮಪ್ಪನಿಗೆ ತಲೆ ತಗ್ಗಿಲ್ಲ ಮಗು, ಅವರಿಗೆ ಮಾತು ಬರಲ್ಲ ಅಷ್ಟೇ’ ಎಂದು ಉತ್ತರ ಕೊಟ್ಟದ್ದು ನೆನಪಿದೆಯಾ? ಅದು ನಾನು.

ತಿಂಗಳ ಕೊನೆಗೆ ಅಳಿಸಿಬಿಡು. ಸೈಟು ನಡೆಸುವವಳ ಅಪ್ಪನಿಗೆ ಬೇರೆ ಕಾನೂನು ಬೇಡ. ವಕ್ಕಲೇರಿಯವಳನ್ನು ಮಾತ್ರ ಹೇಗಾದರೂ ಮಾಡಿ ವಾಪಸ್ ಕರೆಸು.

ಅಪ್ಪ

*

ಮಾಲೂರು
18 ಫೆಬ್ರವರಿ 2007

ಅಪ್ಪನಿಗೆ,

ತಡವಾಯಿತು. ಏನು ಬರೆಯಬೇಕೋ ತಿಳಿಯಲಿಲ್ಲ.

ಮೊದಲು ಕೋಪ ಬಂತು. ನಾನು ಯಾವ ಅಪ್ಪನ ಬಗ್ಗೆ ಹೇಳಿಕೊಂಡೆನೋ ಆ ಅಪ್ಪನ ಹತ್ತಿರವೇ ಹೇಳಿಕೊಂಡಿದ್ದೆ ಎಂದು ತಿಳಿದು ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಆಮೇಲೆ ಭಾರತಮ್ಮ ಬರೆದದ್ದನ್ನೆಲ್ಲ ಮೊದಲಿನಿಂದ ಓದಿದೆ. ಅಮ್ಮ ಪಕ್ಕದಲ್ಲಿ ಕೂತು ಮಾತಾಡಿದ ಹಾಗಿತ್ತು. ಅಮ್ಮನ ಮಾತನ್ನು ನೀವು ಇಷ್ಟು ಕೇಳಿಸಿಕೊಂಡಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲ. ಯಾವಾಗಲೂ ಪೇಪರ್ ಓದುತ್ತಿದ್ದಿರಿ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆದೆ. ಆಗಲಿಲ್ಲ.

ನಿಯಮ ಬದಲಾಯಿಸಿದ್ದೇನೆ. ನಿಜವಾದ ಹೆಸರು ನನ್ನೊಬ್ಬಳಿಗೆ ಗೊತ್ತಿದ್ದರೆ ಸಾಕು. ಹೊರಗೆ ಯಾರು ಏನು ಬೇಕಾದರೂ ಹೆಸರಿಟ್ಟುಕೊಳ್ಳಲಿ. ಹೊಲಸು ಬರೆದರೆ ನಿಜವಾದ ಹೆಸರಿನವರಾದರೂ ಹೊರಗೆ. ಆ ಕೋಲಾರದ ಹಿರಿಯರನ್ನೇ ಮೊದಲು ಕಳಿಸಿದೆ. ಡೈರಿ ಅಕ್ಕನಿಗೆ ಇಮೇಲಿನಲ್ಲಿ ತಿಳಿಸಿದ್ದೆ, ಇನ್‌ಲ್ಯಾಂಡ್ ಲೆಟರಿನಲ್ಲಿ ಅವರ ಹೆಸರು ಬಂತು. ಚೆಂದದ ಹೆಸರು. ನಿಮಗೆ ಹೇಳುವುದಿಲ್ಲ.

ಭಾರತಮ್ಮ ಬರೆದದ್ದೆಲ್ಲ ಅಲ್ಲೇ ಇರುತ್ತದೆ. ಇನ್ನು ಮುಂದೆ ಆ ಹೆಸರಿನಲ್ಲಿ ಯಾರೂ ಬರೆಯಲಾಗದ ಹಾಗೆ ಬೀಗ ಹಾಕಿದ್ದೇನೆ. ಇದು ಶಿಕ್ಷೆಯಲ್ಲ ಅಪ್ಪ. ಅವತ್ತು ನಾನು ಎದ್ದು ಬಂದದ್ದು ಸರಿ ಎಂದು ಅಮ್ಮ ಹೇಳುತ್ತಾಳೆ ಎನ್ನುವುದು ನನಗೆ ಗೊತ್ತಿತ್ತು. ಅವಳಿದ್ದಿದ್ದರೆ ಆ ಹುಡುಗನ ಮನೆಯಲ್ಲೇ ಹೇಳುತ್ತಿದ್ದಳು. ನನಗೆ ಕೇಳಬೇಕಿದ್ದದ್ದು ನಿಮ್ಮ ಬಾಯಿಂದ. ಇವತ್ತಿಗೂ ಅದು ಬಂದಿಲ್ಲ.

‘ನಿಮ್ಮ ಹೆಸರು’ ಎನ್ನುವ ಜಾಗ ಖಾಲಿ ಇದೆ.

ಅತ್ತೆಗೆ ನನ್ನ ಮೇಲೆ ಕೋಪವಿಲ್ಲ ತಾನೆ? ಅವರಿಗೆ ಏನೂ ಗೊತ್ತಿಲ್ಲ ಎಂದು ಗೊತ್ತಿದ್ದರೂ ಕೇಳುತ್ತಿದ್ದೇನೆ.

ನಿಮ್ಮ ಮಗಳು,
ಹರಿಪ್ರಿಯಾ

*

ಮುಳಬಾಗಿಲು
4 ಮಾರ್ಚ್ 2007

ಚಿ. ಹರಿಪ್ರಿಯಾಳಿಗೆ ಆಶೀರ್ವಾದ.

ನಿನ್ನೆ ಸಂಜೆ ಸೈಬರಿಗೆ ಹೋದೆ. ನಾನು ಬರೆದದ್ದನ್ನು ನೀನು ಇಷ್ಟು ಹೊತ್ತಿಗೆ ಅಲ್ಲಿ ಓದಿರುತ್ತೀಯ. ಆದರೂ ನನ್ನ ಕೈಬರಹದಲ್ಲೂ ಒಂದು ಪ್ರತಿ ನಿನ್ನ ಹತ್ತಿರ ಇರಲಿ.

‘ನನ್ನ ಹೆಸರು ಕೋದಂಡರಾಮಪ್ಪ. ಮುಳಬಾಗಿಲಿನವನು. ನನ್ನ ಹೆಂಡತಿ ಭಾರತಿ ತೀರಿಕೊಂಡು ಎರಡು ವರ್ಷ ದಾಟಿತು. ಇಲ್ಲಿ ಇಷ್ಟು ದಿನ ಭಾರತಮ್ಮ ಎಂದು ಬರೆದವನು ನಾನು. ಅಡುಗೆ ಅವಳದು, ತಪ್ಪು ಅಳತೆಗಳು ನನ್ನವು. ಯಾರಿಗಾದರೂ ಸಾರು ಕೆಟ್ಟಿದ್ದರೆ ಮನ್ನಿಸಿ. ಈ ಸೈಟು ನಡೆಸುವ ಹರಿಪ್ರಿಯಾ ನನ್ನ ಮಗಳು. ಆ ಹೆಸರು ಭಾರತಿ ಇಟ್ಟದ್ದು. ಅದನ್ನು ಬಿಟ್ಟುಕೊಡು ಎಂದ ಮನೆಯನ್ನು ನನ್ನ ಮಗಳು ಬಿಟ್ಟುಬಂದಳು. ಸರಿಯಾಗಿ ಮಾಡಿದಳು. ಅವತ್ತು ಬಸ್ಸಿನಲ್ಲಿ ಅವಳ ಪಕ್ಕ ಕೂತು ಬರುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಹೇಗೆ ಹೇಳಬೇಕೆಂದು ತಿಳಿಯದೆ ಇನ್ನೊಂದು ವಡೆ ಬೇಕಾ ಎಂದು ಕೇಳಿದೆ. ಸತ್ಯವಾದಿ ಎಂಬುವರು ಇದನ್ನು ಓದುತ್ತಿದ್ದರೆ, ನನ್ನ ಮನೆ ಮುಳಬಾಗಿಲಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಬಂದು ಮಾತಾಡಬಹುದು, ಕಾಫಿ ಕೊಡುತ್ತೇನೆ.’

ಉಮಾಶಂಕರ್ ಒಂದು ಪ್ರಿಂಟ್ ತೆಗೆದುಕೊಟ್ಟ. ಅದನ್ನು ಓದಿ, ‘ಸಾರ್, ಆ ಸಾರು ಮಾಡಿಸಿ ನಾನೂ ಕೆಟ್ಟೆ’ ಎಂದ. ಅವನ ಮನೆಯಲ್ಲೂ ಓದುತ್ತಾರಂತೆ.

ಮನೆಗೆ ಬಂದು ಜಗಲಿಯ ಮೇಲೆ ಕೂತು ತಪ್ಪೇನಾದರೂ ಇದೆಯಾ ಎಂದು ಗಟ್ಟಿಯಾಗಿ ಓದಿಕೊಂಡೆ. ಲೆಕ್ಕ ಬರೆಯುವವನ ಅಭ್ಯಾಸ, ಗಟ್ಟಿಯಾಗಿ ಓದದಿದ್ದರೆ ಸಮಾಧಾನವಿಲ್ಲ. ಹೆಂಡತಿ ಎಂಬಲ್ಲಿಗೆ ಬಂದಾಗ ಕಾಗದವನ್ನು ಬೆಳಕಿಗೆ ಹಿಡಿದೆ. ಆಮೇಲೆ ‘ಭಾರತೀ’ ಎಂದೆ. ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಒಳಗಿನಿಂದ ಶ್ಯಾಮಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಟಿವಿ ಒಳಗೆ ಕೂಗುತ್ತಲೇ ಇತ್ತು.

‘ಯಾರ್ನ ಕರೆದೆ ಅಣ್ಣಯ್ಯ?’

‘ನಿಮ್ಮ ಅತ್ತಿಗೇನ ಕಣೇ.’

ಅವಳು ನನ್ನ ಮುಖ ನೋಡಿದಳು. ಕೇಳಿದರೆ ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ‘ಇನ್ನೊಂದ್ ಸಲ ಕರಿ’ ಎಂದಳು. ಕರೆದೆ. ಅವಳು ಅಡುಗೆಮನೆಯ ಬಾಗಿಲಿನ ಕಡೆ ತಿರುಗಿ ನಿಂತುಕೊಂಡಳು, ನಾನೂ ಅತ್ತಲೇ ನೋಡಿದೆ.

ಯುಗಾದಿಗೆ ಬಾ. ಬಸ್ಸು ಇಳಿದು ಬೀದಿಗೆ ಬರುವಾಗಲೇ ನಿನ್ನ ಹೆಸರು ಹಿಡಿದು ಕೂಗುತ್ತೇನೆ, ಬೀದಿಯವರೆಲ್ಲ ಕೇಳಲಿ.

ಇಂತಿ,
ಕೋದಂಡರಾಮಪ್ಪ
ಭಾರತಿಯ ಗಂಡ, ಹರಿಪ್ರಿಯಾಳ ಅಪ್ಪ